ಕತ್ತರಿಸಬೇಕು, ಸೋರಬಾರದು

ಹಗಲು ಹೊತ್ತಿನಲ್ಲೇ ಬಂದು ಕಚ್ಚುವ, ಕಾಲಿಗೆ ಬಿಳಿ ಪಟ್ಟಿ ಕಟ್ಟಿಕೊಂಡಂತೆ ಕಾಣುವ ಸೊಳ್ಳೆಯನ್ನು ಡೆಂಗಿಯ ದೆಸೆಯಿಂದ ಈಗ ಎಲ್ಲರೂ ಗುರುತಿಸುತ್ತಾರೆ. ಈಡಿಸ್ ಈಜಿಪ್ಟೈ ಅದರ ಹೆಸರು. ಹೆಣ್ಣು ಸೊಳ್ಳೆ ರಕ್ತ ಹೀರುವುದು ಹೊಟ್ಟೆಪಾಡಿಗಿಂತ ಹೆಚ್ಚಾಗಿ ಮೊಟ್ಟೆಪಾಡಿಗೆ. 1964ರಲ್ಲಿ ಅಮೆರಿಕದ ಥಾಮಸ್ ರಾತ್ ಮತ್ತು ಕೀತ್ ಪೋರ್ಟರ್ ಈ ಸೊಳ್ಳೆಗೆ ರಕ್ತ ಕುಡಿಸಿ, ಅದರ ಅಂಡಾಶಯವನ್ನು ತೆಗೆದು, ತೆಳ್ಳಗೆ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆಳೆಯುತ್ತಿದ್ದ ಅಂಡಕೋಶದ ಮೈಯೆಲ್ಲ ಗುಳಿಗಳು. ಒಂದೊಂದೂ ಸುಮಾರು 140 ನ್ಯಾನೋಮೀಟರ್ ಅಗಲ. ಒಳಮುಖಕ್ಕೆ ಬ್ರಷ್ಷಿನ ಎಳೆಗಳಂತೆ ಏನೋ ನೆಟ್ಟಗೆ ನಿಂತಿತ್ತು. ರಕ್ತ ಕುಡಿದ ಏಳು ಗಂಟೆಗಳಲ್ಲಿ ಗುಳಿಗಳ ಸಂಖ್ಯೆ ಹದಿನೈದು ಪಟ್ಟು ಏರಿ, ಒಂದೇ ಅಂಡಕೋಶದ ಮೇಲೆ 3 ಲಕ್ಷ ಮುಟ್ಟಿತ್ತು. ಪ್ರತಿ ಗುಳಿಯೂ ಹೊರಗಿನಿಂದ ಒಂದಿಷ್ಟು ಪ್ರೋಟೀನನ್ನು ತುಂಬಿಕೊಂಡು, ಬಾಯಿ ಮುಚ್ಚಿ, ಕಿರುಚೀಲವಾಗಿ ಕಳಚಿ ಒಳಗೆ ಹೋಗುತ್ತಿತ್ತು. ಮೊಟ್ಟೆಯ ಹಳದಿ ಕೂಡುತ್ತಿದ್ದದ್ದು ಹೀಗೆ.

ಮೂರು ಲಕ್ಷ ಕಡೆ ಪೊರೆಯನ್ನು ಕತ್ತರಿಸಿದರೂ ಅಂಡಕೋಶ ಸೋರಲಿಲ್ಲ. ಜೀವಕೋಶಗಳು ತಮ್ಮ ಪೊರೆಯನ್ನು ಬಾಗಿಸಿ, ತುಂಡರಿಸಿ, ಬೆಸೆದು ಮತ್ತೆ ಮತ್ತೆ ರೂಪಿಸಿಕೊಳ್ಳುವ ವಿದ್ಯೆಯ ಬಗ್ಗೆ ಈ ಅರವತ್ತು ವರ್ಷಗಳಲ್ಲಿ ನಡೆದಿರುವ ಕೆಲಸವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಅದು ಈ ಒಂದು ಬೆರಗಿನ ಬೆನ್ನಟ್ಟಿದ ಕಥೆ ಎಂದು ನನಗೆ ತೋರುತ್ತದೆ.

ಕನ್ನಡದಲ್ಲಿ ‘ಪೊರೆ’ ಎಂಬುದು ಹಾವು ಕಳಚುವ ಚರ್ಮವೂ ಹೌದು, ಕಣ್ಣಿಗೆ ಬರುವ ಮಬ್ಬೂ ಹೌದು. ಕ್ರಿಯಾಪದವಾದಾಗ ‘ಕಾಪಾಡು’ ಎಂಬ ಅರ್ಥ. ಕೋಶದ ಹೊದಿಕೆಗೆ ಇದಕ್ಕಿಂತ ಒಪ್ಪುವ ಮಾತು ಸಿಗಲಾರದು. ಆದರೆ ಹೈಸ್ಕೂಲಿನಲ್ಲಿ ನಾವು ಬರೆದ ಚಿತ್ರದಲ್ಲಿ ಅದು ಕಾಪಾಡುವ ಕೆಲಸವನ್ನಷ್ಟೇ ಮಾಡುತ್ತಿತ್ತು. ಪೆನ್ಸಿಲ್ಲಿನಿಂದ ಒಂದು ಮೊಟ್ಟೆಯಾಕಾರದ ಗೆರೆ, ಅದಕ್ಕೊಂದು ಬಾಣದ ಗುರುತು, ‘ಕೋಶಪೊರೆ’ ಎಂದು ಹೆಸರು; ಗೆರೆ ಎಲ್ಲಾದರೂ ಕೂಡದೆ ಬಿಟ್ಟುಹೋಗಿದ್ದರೆ ಅರ್ಧ ಅಂಕ ಕಡಿತ. ಆ ಗೆರೆ ಎಷ್ಟು ಅವಸರದಲ್ಲಿರುತ್ತದೆ ಎಂದು ಯಾರೂ ಹೇಳಲಿಲ್ಲ. ರಾಲ್ಫ್ ಸ್ಟೈನ್‌ಮನ್ ಮತ್ತು ಸಂಗಡಿಗರು 1976ರಲ್ಲಿ ಲೆಕ್ಕ ಹಾಕಿದ ಪ್ರಕಾರ, ನಮ್ಮ ಮೈಯ ಭಕ್ಷಕ ಕೋಶವಾದ ಮ್ಯಾಕ್ರೋಫೇಜ್ ಪ್ರತಿ 33 ನಿಮಿಷಕ್ಕೊಮ್ಮೆ ತನ್ನ ಇಡೀ ಮೈಹೊದಿಕೆಯಷ್ಟು ಪೊರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಳೆದುಕೊಂಡದ್ದನ್ನು ಅಷ್ಟೇ ಬೇಗ ಹಿಂದಿರುಗಿಸುತ್ತದೆ. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೋಶಕ್ಕೆ ಹೊದಿಕೆಯೇ ಇರುತ್ತಿರಲಿಲ್ಲ.

ಪೊರೆಯ ಮೂಲದ್ರವ್ಯ ಲಿಪಿಡ್. ಅದರ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ನೀರಾಗದು. ನೀರಿನಲ್ಲಿ ಬಿಟ್ಟರೆ ಈ ಅಣುಗಳು ಬಾಲಕ್ಕೆ ಬಾಲ ಸೇರಿಸಿ ಎರಡು ಸಾಲಾಗಿ ನಿಲ್ಲುತ್ತವೆ. ಎರಡು ಸಾಲು ಎಂಬುದನ್ನು 1925ರಲ್ಲೇ ನೆದರ್ಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕಂಡುಕೊಂಡರು. ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದಾಗ ಅದು ಕಣಗಳ ಮೈ ವಿಸ್ತೀರ್ಣದ ಎರಡರಷ್ಟು ಜಾಗ ಹಿಡಿಯಿತು. ಈ ಜೋಡಿಪದರದ ದಪ್ಪ ಸುಮಾರು 5 ನ್ಯಾನೋಮೀಟರ್. ನೋಟ್‌ಬುಕ್ಕಿನ ಒಂದು ಹಾಳೆಯಷ್ಟು ದಪ್ಪವಾಗಲು ಇಂಥ ಇಪ್ಪತ್ತು ಸಾವಿರ ಪೊರೆಗಳನ್ನು ಪೇರಿಸಬೇಕು. ಹಾಳೆಯಂತೆ ಅದು ಗಟ್ಟಿಯೂ ಅಲ್ಲ. ಅಡ್ಡಡ್ಡಕ್ಕೆ ಅದು ಎಣ್ಣೆಯಂತೆ ಹರಿಯುತ್ತದೆ, ಅದರಲ್ಲಿ ಪ್ರೋಟೀನುಗಳು ತೇಲುತ್ತವೆ. ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಕೊಟ್ಟ ಈ ಚಿತ್ರವೇ ಇಂದಿಗೂ ಪಠ್ಯಗಳಲ್ಲಿದೆ.

ಮರುವರ್ಷವೇ, 1973ರಲ್ಲಿ, ಜರ್ಮನಿಯ ವೋಲ್ಫ್‌ಗಾಂಗ್ ಹೆಲ್ಫ್ರಿಷ್ ಪೊರೆಯನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡಿದರು. ಈತ ಜೀವವಿಜ್ಞಾನಿಯಲ್ಲ. ಕ್ಯಾಲ್ಕ್ಯುಲೇಟರು, ಕೈಗಡಿಯಾರಗಳಲ್ಲಿ ಅಂಕಿ ಮೂಡಿಸುವ ಎಲ್‌ಸಿಡಿ ಪರದೆಯ ತಂತ್ರವನ್ನು ಅದಕ್ಕೂ ಮೂರು ವರ್ಷದ ಹಿಂದೆ ಕಂಡುಹಿಡಿದ ಇಬ್ಬರಲ್ಲಿ ಒಬ್ಬರು. ದ್ರವದಂತೆ ಹರಿಯುತ್ತ ಹರಳಿನಂತೆ ಸಾಲುಗಟ್ಟಿ ನಿಲ್ಲುವ ದ್ರವಹರಳು ಅವರ ಕ್ಷೇತ್ರ, ಪೊರೆಯೂ ಅದೇ ಜಾತಿಯದ್ದು ಎಂಬುದು ಅವರಿಗೆ ಹೊಳೆಯಿತು. ಅವರ ಸಮೀಕರಣದಿಂದ ಬರುವ ಒಂದು ಫಲಿತ ವಿಚಿತ್ರವಾಗಿದೆ: ಚಪ್ಪಟೆ ಪೊರೆಯನ್ನು ಪೂರ್ತಿ ಗೋಳವಾಗಿ ಬಾಗಿಸಲು ಬೇಕಾದ ಶಕ್ತಿ ಗೋಳದ ಗಾತ್ರವನ್ನು ಅವಲಂಬಿಸಿಲ್ಲ. ಚಿಕ್ಕದಾದರೂ ದೊಡ್ಡದಾದರೂ ಒಂದೇ ದರ. ಸಾಮಾನ್ಯ ಪೊರೆಗೆ ಆ ದರ, ಎಟಿಪಿ ಎಂಬ ಕೋಶದ ಇಂಧನದ ಅಣುಗಳಲ್ಲಿ ಲೆಕ್ಕ ಹಾಕಿದರೆ, ಇಪ್ಪತ್ತೈದರ ಆಸುಪಾಸು. ಕ್ಷಣಕ್ಷಣಕ್ಕೂ ಲಕ್ಷಾಂತರ ಎಟಿಪಿ ಖರ್ಚು ಮಾಡುವ ಕೋಶಕ್ಕೆ ಇದು ಚಿಲ್ಲರೆ ಕಾಸು. ಆದರೆ ಪೊರೆ ತಾನಾಗಿಯೇ ಅಷ್ಟನ್ನು ತೆತ್ತು ಬಾಗುವುದಿಲ್ಲ. ಯಾರೋ ಬಾಗಿಸಬೇಕು.

ಯಾರು? ಕ್ಷೇತ್ರದ ಅತಿ ಉದ್ದದ ಜಗಳ ಇರುವುದು ಇಲ್ಲಿಯೇ.

ಸೊಳ್ಳೆಯ ಅಂಡಕೋಶದಲ್ಲಿ ಕಂಡ ಬ್ರಷ್ಷಿನ ಎಳೆಗಳಿಗೆ ಮೈ ಮತ್ತು ಹೆಸರು ಕೊಟ್ಟವರು ಕೇಂಬ್ರಿಜ್‌ನ ಬಾರ್ಬರಾ ಪಿಯರ್ಸ್. 1975ರಲ್ಲಿ ಹಂದಿಯ ಮಿದುಳಿನಿಂದ ಇಂಥ ಕಿರುಚೀಲಗಳನ್ನು ಶುದ್ಧವಾಗಿ ತೆಗೆದು, ಅವುಗಳ ಹೊರಕವಚದ ಪ್ರೋಟೀನಿಗೆ ಕ್ಲಾಥ್ರಿನ್ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಅದಕ್ಕೆ ಜಾಲರಿ ಎಂಬ ಅರ್ಥ. ಬೇಲೂರಿನ ಗುಡಿಯ ಜಾಲಂಧ್ರ ನೋಡಿದವರಿಗೆ ಹೆಚ್ಚು ವಿವರಣೆ ಬೇಡ. ಒಂದೊಂದು ಕ್ಲಾಥ್ರಿನ್ ಘಟಕಕ್ಕೂ ಬಾಗಿದ ಮೂರು ಕಾಲು. ಕಾಲಿಗೆ ಕಾಲು ಹೆಣೆದು ಅವು ಆರು ಮೂಲೆಯ, ಐದು ಮೂಲೆಯ ಕಣ್ಣುಗಳಿರುವ ಬುಟ್ಟಿಯಾಗುತ್ತವೆ. ಬರೀ ಆರು ಮೂಲೆಯ ಕಣ್ಣುಗಳಿದ್ದರೆ ಜೇನುಹುಟ್ಟಿನ ಹಾಗೆ ಚಪ್ಪಟೆಯಾಗಿಯೇ ಉಳಿಯಬೇಕಾಗುತ್ತದೆ. ಬುಟ್ಟಿ ಮುಚ್ಚಿಕೊಳ್ಳಬೇಕಾದರೆ ಐದು ಮೂಲೆಯವು ಸರಿಯಾಗಿ ಹನ್ನೆರಡು ಬೇಕು. ಫುಟ್‌ಬಾಲಿನ ಮೇಲಿನ ಕಪ್ಪು ತೇಪೆಗಳನ್ನು ಎಣಿಸಿ ನೋಡಿ, ಅಲ್ಲೂ ಹನ್ನೆರಡೇ.

ಬುಟ್ಟಿಯೇ ಪೊರೆಯನ್ನು ಬಾಗಿಸುತ್ತದೆ ಎಂದು ಎಲ್ಲರೂ ನೆಮ್ಮದಿಯಿಂದಿದ್ದಾಗ, 1980ರಲ್ಲಿ ಜಾನ್ ಹ್ಯೂಸರ್ ಕೋಶದ ಒಳಮೈಯ ಚಿತ್ರಗಳನ್ನು ತೆಗೆದರು. ಅಲ್ಲಿ ದುಂಡನೆಯ ಬುಟ್ಟಿಗಳ ಪಕ್ಕದಲ್ಲೇ ಚಾಪೆಯಂತೆ ಹಾಸಿದ ಚಪ್ಪಟೆ ಜಾಲರಿಗಳಿದ್ದವು. ಚಾಪೆ ಬುಟ್ಟಿಯಾಗುತ್ತದೆಯೇ? ಆಗಬೇಕಾದರೆ ಹೆಣೆದ ಕಾಲುಗಳನ್ನು ಬಿಚ್ಚಿ ಮತ್ತೆ ಹೆಣೆಯಬೇಕು. ಸಾಧ್ಯವೇ ಇಲ್ಲ, ಬುಟ್ಟಿ ಮೊದಲ ಹೆಣಿಗೆಯಿಂದಲೇ ಬಾಗಿಕೊಂಡು ಬೆಳೆಯುತ್ತದೆ ಎಂದು ಒಂದು ಬಣ. ಸಾಧ್ಯ ಎಂದು ಇನ್ನೊಂದು. ಮೂವತ್ತೈದು ವರ್ಷ ಕಳೆದ ಮೇಲೆ, 2015ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನೂರಾರು ಗುಳಿಗಳನ್ನು ಒಂದೊಂದಾಗಿ ಅಳೆದಾಗ, ಜಾಲರಿಯ ವಿಸ್ತೀರ್ಣ ಮೊದಲೇ ಪೂರ್ತಿಯಾಗಿ, ಬಾಗು ಮಾತ್ರ ಹೆಚ್ಚುತ್ತ ಹೋಗುವುದು ಕಂಡಿತು. ಜೊತೆಗೆ ಕ್ಲಾಥ್ರಿನ್ ಘಟಕಗಳು ಜಾಲರಿಯಿಂದ ಬಿಟ್ಟುಹೋಗುತ್ತ, ಹೊಸವು ಸೇರುತ್ತ ಇದ್ದವು. ಅಂದರೆ ಬಿಚ್ಚಿ ಹೆಣೆಯುವ ಕೆಲಸಕ್ಕೆ ಅವಕಾಶವಿತ್ತು. ಆ ಬಳಿಕ ಬಂದ ಅಳತೆಗಳು ಎರಡೂ ಬಣಕ್ಕೆ ಸ್ವಲ್ಪ ಸ್ವಲ್ಪ ಕೊಟ್ಟಿವೆ: ಚಪ್ಪಟೆಯಾಗಿ ಶುರುವಾಗಿ, ಬಹುಪಾಲು ಹೆಣಿಗೆ ಮುಗಿದ ಮೇಲೆ ಬಾಗುವುದು, ಉಳಿದದ್ದು ಬಾಗುತ್ತಲೇ ಸೇರುವುದು. ಒಂದೇ ಕೋಶದಲ್ಲಿ ಎರಡೂ ದಾರಿ ನಡೆಯುತ್ತವೆ ಎಂಬುದಕ್ಕೂ ಪುರಾವೆಯಿದೆ. ‘ಇದೋ ಅದೋ’ ಎಂಬ ಪ್ರಶ್ನೆಯೇ ತಪ್ಪಾಗಿತ್ತು ಎಂದು ನನ್ನ ಅನಿಸಿಕೆ.

ಬಾಗಿಸುವ ಕೈಗಳು ಇನ್ನೂ ಇವೆ. ಬಾಳೆಹಣ್ಣಿನ ಆಕಾರದ ಬಾರ್ ಪ್ರೋಟೀನುಗಳು (ಕುಡಿಯುವ ಬಾರಿಗೂ ಇದಕ್ಕೂ ಸಂಬಂಧವಿಲ್ಲ) ತಮ್ಮ ಬಾಗಿದ ಬದಿಯನ್ನು ಪೊರೆಗೆ ಒತ್ತಿ ಅದನ್ನು ಕೊಳವೆಯಾಗಿಸುತ್ತವೆ. ಇವುಗಳ ಆಕಾರವನ್ನು 2004ರಲ್ಲಿ ಹಾರ್ವಿ ಮ್ಯಾಕ್‌ಮಹನ್ ತಂಡ ಬಿಡಿಸಿತು. ಎಪ್ಸಿನ್‌ನಂಥವು ಜೋಡಿಪದರದ ಒಂದು ಸಾಲಿಗೆ ಮಾತ್ರ ಬೆಣೆ ಹೊಡೆಯುತ್ತವೆ. ಆ ಸಾಲು ಹಿಗ್ಗಿದಾಗ ಪೊರೆ ತಾನೇ ಬಾಗುತ್ತದೆ. 2012ರಲ್ಲಿ ಇನ್ನೂ ಸರಳವಾದ ವಾದವೊಂದು ಬಂತು: ಆಕಾರವೂ ಬೇಡ, ಬೆಣೆಯೂ ಬೇಡ, ಪೊರೆಯ ಒಂದು ಮಗ್ಗುಲಿಗೆ ಸಾಕಷ್ಟು ಪ್ರೋಟೀನುಗಳನ್ನು ಕಿಕ್ಕಿರಿದು ಕಟ್ಟಿದರೆ ಅವುಗಳ ನೂಕುನುಗ್ಗಲಿಗೇ ಪೊರೆ ಬಾಗುತ್ತದೆ. ಜೀನ್ ಸ್ಟಾಹೋವಿಯಾಕ್ ಮತ್ತು ಸಂಗಡಿಗರು, ಪೊರೆ ಬಾಗಿಸುವುದಕ್ಕೂ ತನಗೂ ಸಂಬಂಧವೇ ಇಲ್ಲದ, ಹಸಿರಾಗಿ ಹೊಳೆಯುವುದನ್ನಷ್ಟೇ ಬಲ್ಲ ಪ್ರೋಟೀನನ್ನು ತುಂಬಿ ಇದನ್ನು ತೋರಿಸಿದರು. ಬಾಗಿಸುವ ‘ವಿಶೇಷ’ ಪ್ರೋಟೀನು ಎಂದು ಯಾರಾದರೂ ಹೊಸದನ್ನು ಪ್ರಕಟಿಸಿದಾಗ ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಯೀಸ್ಟ್‌ನ ಪಾಡು ಬೇರೆ: ಒಳಗಿನ ನೀರಿನ ಒತ್ತಡ ಪೊರೆಯನ್ನು ಗೋಡೆಗೆ ಒತ್ತಿ ಹಿಡಿದಿರುವುದರಿಂದ, ಕೋಶದೊಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬಲವಾಗಿ ಎಳೆಯದೆ ಅಲ್ಲಿ ಗುಳಿಯೇ ಬೀಳದು.

ಬಾಗಿದ್ದಾಯಿತು. ಈಗ ಕುತ್ತಿಗೆ ಕತ್ತರಿಸಬೇಕು.

1973ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡೇವಿಡ್ ಸುಜುಕಿಯವರ ಪ್ರಯೋಗಾಲಯದ ಹಣ್ಣುನೊಣಗಳಲ್ಲಿ ಒಂದು ವಿಚಿತ್ರ ತಳಿ ಸಿಕ್ಕಿತು. ಗಾಜಿನ ಸೀಸೆಯಲ್ಲಿ ಅವು ಉಳಿದ ನೊಣಗಳಂತೆಯೇ ಓಡಾಡಿಕೊಂಡಿರುತ್ತವೆ. ಸೀಸೆಯನ್ನು 29 ಡಿಗ್ರಿಗೆ ಬೆಚ್ಚಗೆ ಮಾಡಿ. ನಮ್ಮ ರಾಯಚೂರಿನವರಿಗೆ ಅದು ತಂಪು ಹೊತ್ತು, ಆದರೆ ಈ ನೊಣಗಳಿಗೆ ಅಷ್ಟೇ ಸಾಕು. ಒಂದೆರಡು ನಿಮಿಷದಲ್ಲಿ ಕಾಲು ತಡವರಿಸಿ, ಗೋಡೆಯಿಂದ ಜಾರಿ, ತಳದಲ್ಲಿ ಅಂಗಾತ ಬೀಳುತ್ತವೆ. ಸತ್ತಿಲ್ಲ. ಸೀಸೆಯನ್ನು ತಣ್ಣಗೆ ಮಾಡಿದರೆ ಕೆಲವೇ ನಿಮಿಷದಲ್ಲಿ ಎದ್ದು, ಏನೂ ಆಗಿಲ್ಲವೆಂಬಂತೆ ಗಾಜು ಹತ್ತುತ್ತವೆ. ಮರಗಟ್ಟುವುದು ಎಂಬರ್ಥದ ಜಪಾನಿ ಮಾತಿನಿಂದ ಈ ತಳಿಗೆ ‘ಶಿಬಿರೆ’ ಎಂದು ಹೆಸರು ಬಂತು.

ಹತ್ತು ವರ್ಷಗಳ ಬಳಿಕ ಕೊಸಾಕಾ ಮತ್ತು ಇಕೆಡಾ ಬಿದ್ದ ನೊಣದ ನರತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಸಂದೇಶ ದಾಟುವುದು ಕಿರುಚೀಲಗಳು ಪೊರೆಗೆ ಬೆಸೆದು ರಾಸಾಯನಿಕ ಸುರಿಯುವುದರಿಂದ. ಸುರಿದ ಮೇಲೆ ಚೀಲದ ಪೊರೆ ಒಳಗೆ ಮರಳಬೇಕು. ಶಿಬಿರೆಯಲ್ಲಿ ಚೀಲಗಳು ಖಾಲಿಯಾಗಿದ್ದವು. ಮರಳಬೇಕಾದವು ಅರ್ಧ ದಾರಿಯಲ್ಲಿ ನಿಂತಿದ್ದವು: ಪೊರೆ ಬಾಗಿದೆ, ಗುಳಿ ಪೂರ್ತಿಯಾಗಿದೆ, ಸಣ್ಣ ಕುತ್ತಿಗೆಯೊಂದರಿಂದ ಇನ್ನೂ ನೇತಾಡುತ್ತಿದೆ, ಮತ್ತು ಆ ಕುತ್ತಿಗೆಯ ಸುತ್ತ ಕಪ್ಪನೆಯ ಪಟ್ಟಿ. ಕಸಾಯಿಯವನು ಕತ್ತಿ ಇಟ್ಟ ಕ್ಷಣದಲ್ಲಿ ಕಾಲ ನಿಂತುಹೋದ ಹಾಗೆ.

ಪಟ್ಟಿ ಯಾವುದೆಂಬುದು ತಿಳಿದದ್ದು ಸುತ್ತುದಾರಿಯಲ್ಲಿ. 1989ರಲ್ಲಿ ಬೇರೆಯೇ ತಂಡವೊಂದು ಮಿದುಳಿನಿಂದ ಒಂದು ಪ್ರೋಟೀನನ್ನು ತೆಗೆದು, ಅದು ಕೋಶದೊಳಗೆ ಸರಕು ಸಾಗಿಸುವ ಮೋಟಾರು ಇರಬೇಕೆಂದು ಊಹಿಸಿ ‘ಡೈನಮಿನ್’ ಎಂದು ಹೆಸರಿಟ್ಟಿತ್ತು. ಅದು ಮೋಟಾರಲ್ಲ. 1991ರಲ್ಲಿ ಜೀನಿನ ಸರಣಿ ಓದಿದಾಗ ಡೈನಮಿನ್‌ಗೂ ಶಿಬಿರೆಗೂ ತಾಳೆಯಾಯಿತು. ತಪ್ಪು ಊಹೆಯ ಹೆಸರೇ ಉಳಿದುಕೊಂಡಿದೆ. ಇಂಥ ನೊಣಗಳ ಕೆಲಸದಲ್ಲಿ ನಮ್ಮವರ ಕೈಯೂ ಇದೆ: ಬಿಸಿಗೆ ಬೀಳುವ ನೊಣಗಳ ಬಗ್ಗೆ ಸೀಮೋರ್ ಬೆಂಜರ್ ಜೊತೆ 1976ರಲ್ಲಿ ಬರೆದ ಒಬೈದ್ ಸಿದ್ದಿಕಿಯವರೇ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು, ಎನ್‌ಸಿಬಿಎಸ್ ಅನ್ನು, ಕಟ್ಟಿದರು.

ಡೈನಮಿನ್ ಕುತ್ತಿಗೆಗೆ ಸ್ಪ್ರಿಂಗಿನಂತೆ ಸುತ್ತಿಕೊಳ್ಳುತ್ತದೆ. ಜಿಟಿಪಿ ಎಂಬ ಇಂಧನವನ್ನು ಉರಿಸಿ ಬಿಗಿಯುತ್ತದೆ. ಒಳಗಿನ ರಂಧ್ರ ಕೆಲವೇ ನ್ಯಾನೋಮೀಟರಿಗೆ ಇಳಿದಾಗ, ಜೋಡಿಪದರದ ಒಂದು ಸಾಲು ಎದುರಿನ ಅದೇ ಸಾಲಿಗೆ ತಾಕಿ ಬೆಸೆದುಕೊಳ್ಳುತ್ತದೆ. ಎರಡನೆಯ ಸಾಲು ಇನ್ನೂ ತುಂಡಾಗಿಲ್ಲ. ಆಮೇಲೆ ಅದೂ ಬೆಸೆಯುತ್ತದೆ, ಚೀಲ ಕಳಚುತ್ತದೆ. ಎರಡು ಹೆಜ್ಜೆಯಲ್ಲಿ, ಒಂದಾದ ಮೇಲೊಂದರಂತೆ ಕೂಡುವುದರಿಂದ ತೂತು ಬೀಳುವ ಗಳಿಗೆಯೇ ಬರುವುದಿಲ್ಲ. ಸೊಳ್ಳೆಯ ಅಂಡಕೋಶ ಮೂರು ಲಕ್ಷ ಸಲ ಕತ್ತರಿಸಿಯೂ ಸೋರದಿರಲು ಇದೇ ಕಾರಣ: ಅದು ಕತ್ತರಿಯ ಕೆಲಸವಲ್ಲ, ಕಡುಬು ಮಾಡುವಾಗ ಹಿಟ್ಟಿನ ಬಾಯಿ ಹಿಸುಕಿ ಮುಚ್ಚುತ್ತೇವಲ್ಲ, ಆ ಕೆಲಸ. ಗಾಜಿನ ಮೇಲೆ ಕೂದಲಿಗಿಂತ ಎಷ್ಟೋ ತೆಳುವಾದ ಪೊರೆಯ ಕೊಳವೆಗಳನ್ನು ಎಳೆದಿಟ್ಟು, ಡೈನಮಿನ್ ಹಾಕಿ, ಅವು ತುಂಡಾಗುವುದನ್ನು ಕಣ್ಣೆದುರೇ ನೋಡುವ ಸೊಗಸಾದ ವಿಧಾನವನ್ನು ಪುಣೆಯ ಐಸರ್‌ನಲ್ಲಿ ಥಾಮಸ್ ಪುಕಾಡಿಲ್ ತಂಡ ರೂಪಿಸಿದೆ.

ಬೆಸೆಯುವುದು ಇದರ ತಿರುವುಮುರುವು, ಮತ್ತು ಅಷ್ಟೇ ಕಷ್ಟ. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಕಣ್ಣುಗಳು ತಾಕಿದೊಡನೆ ಒಂದಾಗುತ್ತವೆ. ಪೊರೆಗಳು ಹಾಗಲ್ಲ, ಎರಡರ ಮೈಗೂ ನೀರು ಅಂಟಿರುತ್ತದೆ, ಆ ಕೊನೆಯ ಒಂದೆರಡು ನ್ಯಾನೋಮೀಟರ್ ನೀರನ್ನು ಹಿಂಡಿ ತೆಗೆಯುವವರೆಗೆ ಅವು ಪಕ್ಕಪಕ್ಕದಲ್ಲೇ ಸುಮ್ಮನಿರುತ್ತವೆ. ಹಿಂಡುವ ಪ್ರೋಟೀನುಗಳಿಗೆ ಸ್ನೇರ್ ಎಂದು ಹೆಸರು. ಚೀಲದ ಕಡೆಯಿಂದ ಒಂದು ಎಳೆ, ಪೊರೆಯ ಕಡೆಯಿಂದ ಮೂರು, ನಾಲ್ಕೂ ಜಿಪ್ಪಿನಂತೆ ಹೆಣೆದುಕೊಂಡು ಪೊರೆಗಳನ್ನು ಎಳೆದು ತರುತ್ತವೆ. ನರತುದಿಯಲ್ಲಿ ಕ್ಯಾಲ್ಸಿಯಂ ಒಳನುಗ್ಗಿದ ಮೇಲೆ ಇಡೀ ಕೆಲಸ ಮುಗಿಯಲು ಒಂದು ಮಿಲಿಸೆಕೆಂಡೂ ಬೇಡ. ಯೀಸ್ಟ್‌ನಲ್ಲಿ ರ‍್ಯಾಂಡಿ ಶೆಕ್‌ಮನ್, ಪರೀಕ್ಷಾನಳಿಗೆಯಲ್ಲಿ ಜೇಮ್ಸ್ ರಾತ್‌ಮನ್, ನರಕೋಶದಲ್ಲಿ ಥಾಮಸ್ ಸೂಡಾಫ್ ಹೀಗೆ ಮೂರು ದಿಕ್ಕಿನಿಂದ ಇದನ್ನು ಬಿಡಿಸಿ 2013ರ ನೊಬೆಲ್ ಹಂಚಿಕೊಂಡರು. ಸ್ನೇರ್‌ಗಳು ಎಷ್ಟು ಮುಖ್ಯ ಎಂಬುದಕ್ಕೆ ಧನುರ್ವಾಯುವಿಗಿಂತ ದೊಡ್ಡ ಸಾಕ್ಷಿ ಬೇಡ. ಆ ಬ್ಯಾಕ್ಟೀರಿಯಾದ ವಿಷ ಮಾಡುವುದು ಒಂದೇ ಕೆಲಸ, ಸ್ನೇರ್‌ನ ಒಂದು ಎಳೆಯನ್ನು ತುಂಡರಿಸುವುದು. ಮುಖದ ಸುಕ್ಕು ತೆಗೆಯಲು ಚುಚ್ಚುವ ಬೊಟಾಕ್ಸ್ ಕೂಡ ಅದೇ ಬಳಗದ್ದು.

ಕತ್ತರಿಸುವ ಬಗ್ಗೆ ಇಲ್ಲಿಯವರೆಗೆ ಹೇಳಿದ್ದೆಲ್ಲ ಕುತ್ತಿಗೆಯನ್ನು ಹೊರಗಿನಿಂದ ಹಿಸುಕುವ ಮಾತು. ಪೊರೆ ಹೊರಕ್ಕೆ ಉಬ್ಬಿ ಕಳಚಬೇಕಾದಾಗ ಕುತ್ತಿಗೆಯ ಒಳಗೆ ಕೂತು ಬಿಗಿಯಬೇಕಾಗುತ್ತದೆ. ಆ ಕೆಲಸಕ್ಕೆ ಎಸ್ಕಾರ್ಟ್ ಎಂಬ ಪ್ರೋಟೀನುಗಳ ಗುಂಪಿದೆ. ಯೀಸ್ಟ್‌ನಲ್ಲಿ ಸಿಕ್ಕಿದ ಇದನ್ನೇ ಎಚ್‌ಐವಿ ತಾನು ಕೋಶದಿಂದ ಕಳಚಿಕೊಳ್ಳಲು ಕದಿಯುತ್ತದೆಂದು 2001ರಲ್ಲಿ ಗೊತ್ತಾಯಿತು. ಒಂದು ಕೋಶ ಎರಡಾಗುವಾಗ ಕೊನೆಯ ಕೊಂಡಿಯನ್ನು ಕಳಚುವುದೂ ಇದೇ ಎಂದು 2007ರಲ್ಲಿ. ಮರುವರ್ಷ, ಬಿಸಿ ಆಮ್ಲದ ಬುಗ್ಗೆಗಳಲ್ಲಿ ಬದುಕುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಕೂಡ ಇದರ ಬಂಧುಗಳನ್ನು ಬಳಸಿಯೇ ಒಡೆಯುತ್ತವೆಂದು ಕಂಡಿತು. ಅಲ್ಲಿಗೆ ಈ ವಿದ್ಯೆ ಪ್ರಾಣಿ, ಸಸ್ಯ, ಯೀಸ್ಟ್‌ಗಳೆಲ್ಲಕ್ಕಿಂತ ಹಳೆಯದು.

ಪೊರೆ ನಿಜವಾಗಿಯೇ ಹರಿದರೆ? ಹರಿಯುತ್ತದೆ, ದಿನಾ. ಮೆಟ್ಟಿಲಿಳಿದ ಸ್ನಾಯುಗಳಲ್ಲಿ ಕೂಡ. ಹರಿದ ಬಾಯಿಂದ ಕ್ಯಾಲ್ಸಿಯಂ ಒಳನುಗ್ಗುವುದೇ ಕೂಗು. ಆ ಕೂಗಿಗೆ ಒಳಗಿನ ಚೀಲಗಳು ಓಡಿಬಂದು ಬೆಸೆದು ತೇಪೆಯಾಗುತ್ತವೆ. ಚಿಕ್ಕ ಗಾಯವಾದರೆ ಎಸ್ಕಾರ್ಟ್ ಆ ತುಂಡನ್ನೇ ಕಳಚಿ ಹೊರಗೆ ಬಿಸಾಡುತ್ತದೆ. ತೇಪೆಗೆ ಬೇಕಾದ ಡಿಸ್‌ಫರ್ಲಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿರುವವರಿದ್ದಾರೆ. ಬಾಲ್ಯದಲ್ಲಿ ಎಲ್ಲರಂತೆ ಆಡಿ ಬೆಳೆದು, ಹದಿಹರೆಯ ದಾಟುವ ಹೊತ್ತಿಗೆ ತುದಿಗಾಲಲ್ಲಿ ನಿಲ್ಲಲಾಗದೆ, ಮೀನಖಂಡ ಸೊರಗುತ್ತ ಹೋಗುತ್ತದೆ. ರಿಪೇರಿಯಾಗದ ಸಣ್ಣ ಸಣ್ಣ ಹರಕುಗಳು ಇಪ್ಪತ್ತು ವರ್ಷ ಕೂಡಿ ಬಂದ ಮೊತ್ತ ಅದು.

ಮತ್ತೆ ಸೊಳ್ಳೆಗೆ ಬರೋಣ. ಅದು ತರುವ ಡೆಂಗಿ ವೈರಸ್ ನಮ್ಮ ಕೋಶದೊಳಗೆ ಇಳಿಯುವುದೂ ಕ್ಲಾಥ್ರಿನ್ ಗುಳಿಯಲ್ಲೇ. ಒಳಗೆ ಹೋದ ಚೀಲ ಹುಳಿಯೇರುತ್ತಿದ್ದಂತೆ ವೈರಸ್ಸಿನ ಮೈ ಪ್ರೋಟೀನು ಮಡಿಕೆ ಬದಲಿಸಿ, ಚೀಲದ ಪೊರೆಗೆ ಚುಚ್ಚಿಕೊಂಡು, ತನ್ನ ಪೊರೆಯನ್ನು ಅದಕ್ಕೆ ಬೆಸೆಯುತ್ತದೆ. ಬಳಿಕ ಕೋಶದ ಒಳಪೊರೆಗಳನ್ನೇ ಗುಳ್ಳೆ ಗುಳ್ಳೆಯಾಗಿ ಮಡಚಿ, ಆ ಮರೆಯಲ್ಲಿ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಔಷಧವಿಜ್ಞಾನ ಈ ವಿಷಯದಲ್ಲಿ ವೈರಸ್ಸಿಗಿಂತ ಬಹಳ ಹಿಂದಿದೆ: ಲಿಪಿಡ್ ಕಣಗಳಲ್ಲಿ ತುಂಬಿ ಕಳಿಸಿದ ಆರ್‌ಎನ್‌ಎ ತುಣುಕುಗಳಲ್ಲಿ ಚೀಲ ದಾಟಿ ಹೊರಬರುವುದು ನೂರಕ್ಕೆ ಒಂದೆರಡು ಮಾತ್ರ ಎಂದು 2013ರ ಅಳತೆಯೊಂದು ತೋರಿಸಿತು. ಕೋವಿಡ್ಡಿನ ಎಂಆರ್‌ಎನ್‌ಎ ಲಸಿಕೆಗಳೂ ಇಂಥ ಕಣಗಳಲ್ಲೇ ಬಂದವು.

ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಮತ್ತು ಭೌತವಿಜ್ಞಾನಿ ಮದನ್ ರಾವ್ ಕೇಳಿದ ಪ್ರಶ್ನೆ ಇವೆಲ್ಲಕ್ಕಿಂತ ಒಂದು ಹೆಜ್ಜೆ ಹಿಂದಿನದು: ಪೊರೆಯ ಮೇಲೆ ಅಣುಗಳು ಗುಂಪುಗೂಡುವುದು ತಾವಾಗಿಯೇ, ಎಣ್ಣೆ ಎಣ್ಣೆಯ ಜೊತೆ ಸೇರುವ ಹಾಗೆಯೋ? ಯುರೋಪಿನಿಂದ ಬಂದ ‘ಲಿಪಿಡ್ ತೆಪ್ಪ’ಗಳ ಕಲ್ಪನೆ ಹಾಗೆ ಹೇಳುತ್ತಿತ್ತು. ಇವರ ಅಳತೆಗಳ ಪ್ರಕಾರ, ಪೊರೆಯ ಅಡಿಯಲ್ಲಿ ಸದಾ ಅಲುಗಾಡುವ ಆಕ್ಟಿನ್ ಎಳೆಗಳೇ ಅಣುಗಳನ್ನು ಒಟ್ಟುಗೂಡಿಸಿ ಚದುರಿಸುತ್ತಿರುತ್ತವೆ. ಇಂಧನ ನಿಲ್ಲಿಸಿದರೆ ಗುಂಪೂ ಇಲ್ಲ. 2012ರ ಅವರ ಪ್ರಬಂಧದಿಂದ ಈಚೆಗೆ ಪೊರೆಯನ್ನು ಸುಮ್ಮನೆ ತೇಲುವ ಎಣ್ಣೆಪದರವೆಂದು ನೋಡುವುದು ಕಷ್ಟವಾಗಿದೆ. ಮೈಸೂರು, ಬೆಂಗಳೂರುಗಳಲ್ಲಿ ಶಿವರಾಮಕೃಷ್ಣ ಚಂದ್ರಶೇಖರ್ ಕಟ್ಟಿದ ದ್ರವಹರಳುಗಳ ಅಧ್ಯಯನದ ಪರಂಪರೆಯಿದ್ದ ಊರಿನಲ್ಲಿ ಈ ಕೆಲಸ ನಡೆದದ್ದು ನನಗೆ ಸಂತೋಷದ ಸಂಗತಿ.

ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಬಿನ್ನಹ. ಕಪ್ಪುಹಲಗೆಯ ಮೇಲೆ ಕೋಶದ ಹೊರಗೆರೆ ಎಳೆಯುವಾಗ ಒಂದು ಕಡೆ ಗುಳಿ ಬಿಡಿಸಿ, ಅದರ ಪಕ್ಕದಲ್ಲಿ ಕುತ್ತಿಗೆಯಲ್ಲಿ ನೇತಾಡುವ ಚೀಲವೊಂದನ್ನು ಬಿಡಿಸಿ, ಇನ್ನೊಂದು ಕಡೆ ಈಗಷ್ಟೇ ಬೆಸೆದು ಬಾಯಿ ತೆರೆದದ್ದನ್ನು. ಸೀಮೆಸುಣ್ಣ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಗೆರೆ ಕೂಡಿಲ್ಲವೆಂದು ಮಾತ್ರ ಅರ್ಧ ಅಂಕ ಕಡಿಯಬೇಡಿ.